ಠೇವಣಿ

ಮತ ಎಣಿಕೆ ಮುಗಿದ ಎಂಟನೇ ದಿನ
ಶಿರ್ವ ಠಾಣೆಯ ಬಾದಾಮಿ ಮರದ ಕೆಳಗೆ
ಒಂಬತ್ತು ಜನ, ಒಂಬತ್ತು ರಶೀದಿ.
ರೈಟರ್ ಊಟಕ್ಕೆ ಹೋಗಿದ್ದಾರೆ.
ಬೀಗದ ಕೈ ಅವರ ಕಿಸೆಯಲ್ಲಿ.

ಹಾಗಾಗಿ ಮಾತು.

"ಗಡ್ಡ ಪೂರಾ ಬೆಳ್ಳಗಾಯ್ತಲ್ಲ ಬ್ಯಾರಿಗಳೇ, ತಲೆ ಹೇಗೆ?"
ಬೊನಿಫಾಸ್ ಪೊರ್ಬುಗಳ ಪ್ರಶ್ನೆಗೆ
ಇದ್ದಿನಬ್ಬ ಟೊಪ್ಪಿ ಎತ್ತಿ ತೋರಿಸಿದರು:
"ಬೆಳ್ಳಗಾಗಲಿಕ್ಕೆ ಅಲ್ಲಿ ಎಂತ ಉಂಟು?"

ನಮ್ಮ ಪರಿಚಯವೇ ಇಷ್ಟು.
ಒಬ್ಬರ ಮನೆ ಒಬ್ಬರು ಕಂಡಿಲ್ಲ,
ಮದುವೆಗೆ ಕರೆದಿಲ್ಲ, ಬೊಜ್ಜಕ್ಕೆ ಹೋದದ್ದಿಲ್ಲ.
ನೀತಿಸಂಹಿತೆ ಬಂದಾಗ ಕೋವಿ ಇಡಲು ಒಮ್ಮೆ,
ಹೋದಾಗ ಒಯ್ಯಲು ಒಮ್ಮೆ.
ದಿಲ್ಲಿಯದ್ದು, ಬೆಂಗಳೂರಿನದ್ದು, ಪಂಚಾಯತಿದ್ದು,
ಲೆಕ್ಕ ಹಾಕಿದರೆ ನೆಂಟರಿಗಿಂತ ಹೆಚ್ಚು ಸಲ ನೋಡಿದ್ದೇವೆ.

"ಮಂಗಗಳಿಗೆ ಪೇಪರು ಯಾರು ಓದಿ ಹೇಳುವುದೋ,"
ಗುಣವರ್ಮ ಬಲ್ಲಾಳರು ಸುರು ಮಾಡಿದರು,
"ಕೋವಿ ಇಲ್ಲಿಟ್ಟು ನಾನು ಬಸ್ಸಿಂದ ಇಳಿಯುವಾಗ
ಮೂವತ್ತೆರಡು ಬೊಂಡ ನೆಲದಲ್ಲಿ.
ಎಂತ ಮಾಡುವುದು, ಕೊಡೆಯನ್ನೇ ಹೆಗಲಿಗೆ ಕೊಟ್ಟು ಗುರಿ ಹಿಡಿದೆ.
ದೊಡ್ಡದೊಂದು ಗಂಡು ಮಂಗ
ಮಾಡಿನ ಮೇಲೆ ಕೂತು ನೋಡಿತು ನೋಡಿ,
ಥೇಟು ನನ್ನ ಹೆಂಡತಿ ನೋಡುವ ಹಾಗೆ."

"ಕೋವಿ ಇದ್ದರೂ ಆಕಾಶಕ್ಕೆ ತಾನೇ ಹೊಡೆಯುವುದು?
ಒಂದು ತೋಟೆಯ ದುಡ್ಡಿಗೆ ಮೂರು ಕಾಯಿ ಬರ್ತದೆ.
ಕಾಯಿಯನ್ನೇ ಕೊಟ್ಟು ಕಳಿಸುವುದು ಸೋವಿ."

"ನವಿಲಿನ ಸುದ್ದಿ ಮಾತ್ರ ಬೇಡ ಮಾರಾಯ್ರೆ,
ಅಲಸಂಡೆ ತಿಂದು ನಮ್ಮೆದುರೇ ಕುಣಿಯುತ್ತದೆ.
ರಾಷ್ಟ್ರಪಕ್ಷಿ. ನಾವು ಕೈಮುಗಿಯುವುದು."

ಈ ಸಲ ಹೊಸಬರು ಒಬ್ಬರೇ, ಜಲಜಾಕ್ಷಿ.
ಮಲ್ಲಿಗೆ ಕಟ್ಟುವ ಬಾಳೆನಾರನ್ನು
ಬೆರಳಿಗೆ ಸುತ್ತಿಕೊಂಡೇ ಬಂದಿದ್ದಾರೆ.
ಗಂಡನ ಕೋವಿ ಈಗ ಅವರ ಹೆಸರಲ್ಲಿ.
"ಮಣಿಪಾಲದ ಕಚೇರಿಯಲ್ಲಿ ಕೇಳಿದರು,
ಗುರಿ ಹಿಡಿಯಲು ಬರುತ್ತದಾ ಅಮ್ಮ ಅಂತ.
ಹದಿನೆಂಟು ವರ್ಷ ಅವರ ಗುರಿ ತಪ್ಪಿದ್ದನ್ನೆಲ್ಲ
ಲೆಕ್ಕ ಇಟ್ಟವಳು ನಾನು ಅಂದೆ.
ಸಹಿ ಹಾಕಿದರು."
ಬಲ್ಲಾಳರಿಗೆ ನಗುವಿನಿಂದ ಕೆಮ್ಮು ಹತ್ತಿತು.
ಇದ್ದಿನಬ್ಬ ಕಟ್ಟೆಯಲ್ಲಿ ಸರಿದು ಜಾಗ ಮಾಡಿದರು.

ಎಣ್ಣೆ ಯಾವುದು ಒಳ್ಳೆಯದು ಎಂದು ಸ್ವಲ್ಪ ಹೊತ್ತು.
ಹೊಲಿಗೆ ಮಿಷನಿನದ್ದು ಎಂದರು ಪೊರ್ಬುಗಳು.
ತೆಂಗಿನೆಣ್ಣೆಗೆ ಇರುವೆ ಬರುತ್ತದೆ.
ನಳಿಗೆಯೊಳಗೆ ಕಣಜ ಗೂಡು ಕಟ್ಟಿದ್ದನ್ನು
ಯಾರೋ ತಲೆ ತಗ್ಗಿಸಿ ಒಪ್ಪಿಕೊಂಡರು.

"ಆ ಪಕ್ಷೇತರನ ಠೇವಣಿ ಹೋಯಿತಂತೆ."
"ನಮ್ಮದು ಇದುವರೆಗೆ ಹೋಗಲಿಲ್ಲಪ್ಪ."

ಆಗ ಇದ್ದಿನಬ್ಬ ನನ್ನ ಕಡೆ ತಿರುಗಿದರು:
"ನಿಮ್ಮಲ್ಲಿ ಹಂದಿ ಹೇಗೆ?"

ನನ್ನ ಗದ್ದೆ ಮಾರಿ ಎರಡು ಮಳೆಗಾಲ ಕಳೆಯಿತು.
ಈಗ ಕಟಪಾಡಿಯಲ್ಲಿ ಮೂರನೇ ಮಹಡಿ,
ಬಾಲ್ಕನಿಯಲ್ಲಿ ಒಂದು ಚಟ್ಟಿ ಬಸಳೆ.
ಕೋವಿ ಇಡಲು ಹೊರಟ ದಿನ ಲಿಫ್ಟಿನಲ್ಲಿ
ಪಕ್ಕದ ಮನೆಯ ಹುಡುಗ ಕೇಳಿದ್ದ,
'ಇದರಲ್ಲಿ ಸೌಂಡ್ ಬರ್ತದಾ ಅಂಕಲ್?'
ಪಹಣಿ ತನ್ನಿ ಎಂದ ದಿನ ಪರವಾನಗಿಯೂ ಇಲ್ಲ,
ಈ ಬಾದಾಮಿ ಮರವೂ ಇಲ್ಲ.

"ಬರುತ್ತದೆ," ಎಂದೆ, "ರಾತ್ರಿ ಎರಡು ಗಂಟೆಗೆ.
ಮರಿಗಳನ್ನೂ ಕರಕೊಂಡು."
ಎಷ್ಟು ಮರಿ, ಕೇಳಿದರು ಪೊರ್ಬುಗಳು.
ಐದು ಎಂದೆ.
ಜಲಜಾಕ್ಷಿ ಮಾತ್ರ ನನ್ನ ಚಪ್ಪಲಿ ನೋಡಿದರು,
ಕೆಸರು ಮುಟ್ಟದ್ದು, ಹೊಳೆಯುವಂಥದ್ದು.
ಏನೂ ಹೇಳಲಿಲ್ಲ.
ಬಾಳೆನಾರು ಬಿಚ್ಚಿ ಮತ್ತೆ ಸುತ್ತಿಕೊಂಡರು.

ರೈಟರ್ ಹಲ್ಲು ಕುಕ್ಕುತ್ತ ಬಂದರು.
ಹೆಸರು ಕೂಗಿದರು, ಚೀಟಿ ಹರಿದರು, ಸಹಿ ಮಾಡಿಸಿಕೊಂಡರು.
ಹಳೆ ಸೀರೆ, ಗೋಣಿ, ಒಂದು ಬೆಡ್‌ಶೀಟು,
ಅವರವರದ್ದರಲ್ಲಿ ಸುತ್ತಿ ಹೆಗಲಿಗಿಟ್ಟುಕೊಂಡು
ಪೇಟೆಯವರೆಗೆ ಒಟ್ಟಿಗೆ ನಡೆದೆವು.
ಎದುರು ಬಂದ ಸ್ಕೂಟರೊಂದು
ಪೂರ್ತಿ ಬದಿಗೆ ಹೋಗಿ ನಿಂತಿತು.

"ಇನ್ನು ಯಾವುದು?"
"ಜಿಲ್ಲಾ ಪಂಚಾಯತಿದ್ದು. ಮಳೆ ಬಿಟ್ಟ ಮೇಲೆ ಅಂತೆ."
ಅಷ್ಟರಲ್ಲಿ ಮಂಚಕಲ್ಲಿನ ಬಸ್ಸು.
ಒಂದು ಕಾಲು ಮೆಟ್ಟಿಲಲ್ಲಿಟ್ಟು ಇದ್ದಿನಬ್ಬ
ನನಗೆ ಕೂಗಿ ಹೇಳಿದರು:
"ಆ ಐದು ಮರಿಗಳನ್ನು ಕೇಳಿದೆ ಅನ್ನಿ, ಆಯ್ತಾ."